ಹಾರುವ ತಟ್ಟೆಗಳ ರಸ್ತೆ

ಹುಬ್ಬಳ್ಳಿ, ಧಾರವಾಡಗಳಿಂದ ಮಕ್ಕಳನ್ನೋ ಒಡಹುಟ್ಟಿದವರನ್ನೋ ನೋಡಲು ಅಮೆರಿಕಕ್ಕೆ ಹೋಗಿ ಬಂದವರ ಫೋಟೋಗಳಲ್ಲಿ ನಯಾಗರಾ ಇರುತ್ತದೆ, ಗ್ರ್ಯಾಂಡ್ ಕ್ಯಾನಿಯನ್ ಇರುತ್ತದೆ, ಲಾಸ್ ವೇಗಸ್ಸಿನ ಝಗಮಗಿಸುವ ದೀಪಗಳಿರುತ್ತವೆ. ನನ್ನ ಫೋಟೋಗಳಲ್ಲಿ ಇವೆಲ್ಲಕ್ಕಿಂತ ಹೆಚ್ಚಾಗಿ ಇರುವುದು ಒಂದು ಡಾಂಬರು ರಸ್ತೆ, ಅದರ ಎರಡೂ ಬದಿಗೆ ಬೂದುಬಣ್ಣದ ಕುರುಚಲು ಗಿಡ, ದೂರದಲ್ಲಿ ಬೋಳು ಗುಡ್ಡ. ಸಾಧನಕೇರಿಯ ನಮ್ಮ ನೆರೆಮನೆಯವರು ಅವನ್ನು ಒಂದೊಂದಾಗಿ ಸರಿಸಿ ನೋಡಿ, "ಇದನ್ನ ನೋಡಾಕ ಅಷ್ಟು ದೂರ ಹೋಗಿದ್ರೇನ್ರೀ ಅಕ್ಕಾರ? ಬ್ಯಾಸಿಗ್ಯಾಗ ನವಲಗುಂದದ ಕಡೆ ಹೋಗಿದ್ರೂ ಆಗ್ತಿತ್ತಲ್ಲ" ಎಂದರು. ಹಾಗಲ್ಲ ಎಂದು ಅವರಿಗೆ ಬಾಯಿಮಾತಿನಲ್ಲಿ ವಿವರಿಸಲಾಗಲಿಲ್ಲವಾದ್ದರಿಂದ ಬರೆಯಲು ಕುಳಿತಿದ್ದೇನೆ.

ಆ ರಸ್ತೆ ನೆವಾಡಾ ರಾಜ್ಯದ 375ನೇ ಹೆದ್ದಾರಿ. 1996ರಲ್ಲಿ ರಾಜ್ಯ ಸರ್ಕಾರವೇ ಅದಕ್ಕೆ 'ಎಕ್ಸ್‌ಟ್ರಾಟೆರೆಸ್ಟ್ರಿಯಲ್ ಹೈವೇ' ಎಂದು ಅಧಿಕೃತವಾಗಿ ಹೆಸರಿಟ್ಟಿತು. ಭೂಮಿಯಾಚೆಯ ಜೀವಿಗಳ ಹೆಸರಿನಲ್ಲಿ ಒಂದು ಸರ್ಕಾರ ರಸ್ತೆಗೆ ಹಸಿರು ಫಲಕ ಹಾಕಿಸಿದೆ ಎಂಬುದನ್ನು ಲಾಸ್ ವೇಗಸ್ಸಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ಹೇಳಿದಾಗ ನಮ್ಮ ಮನೆಯವರು ನಂಬಲೇ ಇಲ್ಲ. "ನಡೀರಿ ಮಾಮಾ, ತೋರಸ್ತೀನಿ" ಎಂದು ಅವನು ದಸರೆಯ ನಂತರದ ಒಂದು ಶನಿವಾರ ನಸುಕಿನಲ್ಲಿಯೇ ಕಾರು ಹೊರಡಿಸಿದ.

ವೇಗಸ್ಸಿನಿಂದ 93ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಮೊದಲು ಬರಿಯ ಬಯಲು, ನಂತರ ಇದ್ದಕ್ಕಿದ್ದಂತೆ ಪ್ಯಾಹ್ರನಗಟ್ ಕಣಿವೆಯ ಕೆರೆಗಳು, ಅವುಗಳ ದಂಡೆಯ ಮರಗಳು, ಆಮೇಲೆ ಅಲಾಮೊ ಎಂಬ ಸಣ್ಣ ಊರು. ಅಲ್ಲಿ ಟ್ಯಾಂಕು ತುಂಬಿಸದೆ ಮುಂದೆ ಹೋಗುವುದು ಜಾಣತನವಲ್ಲ. 375ನೇ ರಸ್ತೆಯ ಉದ್ದ 98 ಮೈಲಿ, ಅಂದರೆ ಸುಮಾರು 158 ಕಿಲೋಮೀಟರು, ಮತ್ತು ಅಷ್ಟು ದೂರದಲ್ಲಿ ಪೆಟ್ರೋಲು ಸಿಗುತ್ತದೆಂದು ನೆಚ್ಚುವಂತಿಲ್ಲ. ಹುಬ್ಬಳ್ಳಿಯಿಂದ ದಾವಣಗೆರೆಗೆ ಹೊರಟರೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಶಿಗ್ಗಾಂವಿ, ಹಾವೇರಿ, ರಾಣೆಬೆನ್ನೂರು, ಹರಿಹರಗಳನ್ನು ದಾಟುತ್ತೇವೆ, ನಡುವೆ ಚಹಾದಂಗಡಿಗಳಿಗಂತೂ ಲೆಕ್ಕವಿಲ್ಲ. ಇಲ್ಲಿ ಇರುವುದು ರೇಚೆಲ್ ಎಂಬ ಒಂದೇ ಊರು, ಅದರ ಜನಸಂಖ್ಯೆ 2020ರ ಗಣತಿಯಲ್ಲಿ 48. ಅದು ಸೇರಿರುವ ಲಿಂಕನ್ ಕೌಂಟಿ ನಮ್ಮ ಧಾರವಾಡ ಜಿಲ್ಲೆಯ ಆರು ಪಟ್ಟಿಗಿಂತ ದೊಡ್ಡದು, ಅಲ್ಲಿರುವ ಒಟ್ಟು ಜನ ಸುಮಾರು 4,500. ಧಾರವಾಡದ ಒಂದು ದೊಡ್ಡ ಕಾಲೇಜಿನ ಹುಡುಗರನ್ನು ತಂದು ಅಷ್ಟು ನೆಲದ ಮೇಲೆ ಹರಡಿದರೂ ಅಲ್ಲಿನಷ್ಟು ಜನ ಆಗಬಹುದು.

ಕ್ರಿಸ್ಟಲ್ ಸ್ಪ್ರಿಂಗ್ಸ್ ಎಂಬಲ್ಲಿ ರಸ್ತೆ ಕವಲೊಡೆದ ಸ್ವಲ್ಪ ಹೊತ್ತಿಗೇ ಆ ಪ್ರಸಿದ್ಧ ಫಲಕ ಬಂತು. ಪ್ರಸಿದ್ಧವೇನೋ ಹೌದು, ಆದರೆ ಓದಲು ಬರುವುದಿಲ್ಲ. ಹಾದುಹೋದವರೆಲ್ಲ ತಮ್ಮ ಊರಿನ, ತಮ್ಮ ಬೈಕ್ ಕ್ಲಬ್ಬಿನ, ತಮ್ಮ ಅಂಗಡಿಯ ಸ್ಟಿಕ್ಕರುಗಳನ್ನು ಒಂದರ ಮೇಲೊಂದು ಮೆತ್ತಿ ಅಕ್ಷರಗಳನ್ನು ಮುಚ್ಚಿಬಿಟ್ಟಿದ್ದಾರೆ. ಹಳೆಯವು ಬಿಸಿಲಿಗೆ ಬಿಳಚಿ ಅಂಚುಗಳಲ್ಲಿ ಸುರುಳಿಯಾಗಿವೆ, ಹೊಸವು ಅವುಗಳ ಮೇಲೆ ಮಿರಮಿರ ಮಿನುಗುತ್ತವೆ, ಕೈ ಮೇಲೆತ್ತಿದರೂ ಎಟುಕದ ಜಾಗದಲ್ಲಿಯೂ ಯಾರೋ ಗಾಡಿಯ ಮೇಲೆ ಹತ್ತಿ ಅಂಟಿಸಿದ್ದಾರೆ. ಕನ್ನಡದ್ದೊಂದು ಇದ್ದೀತೇ ಎಂದು ಹುಡುಕಿದೆ, ಸಿಗಲಿಲ್ಲ.

ಅಲ್ಲಿಂದ ಮುಂದಿನ ಹ್ಯಾಂಕಾಕ್ ಘಾಟು ಹತ್ತಿ ಇಳಿಯುವಾಗ ಟಿಕಾಬೂ ಕಣಿವೆ ಒಮ್ಮೆಲೇ ತೆರೆದುಕೊಳ್ಳುತ್ತದೆ. ರಸ್ತೆ ಕಣ್ಣಳತೆಯ ಕೊನೆಯವರೆಗೂ ಒಂದು ತಿರುವೂ ಇಲ್ಲದೆ ನೇರವಾಗಿ ಹೋಗಿ ಎದುರಿನ ಗುಡ್ಡದ ಬುಡದಲ್ಲಿ ಸಣ್ಣಗಾಗಿ ಕಾಣೆಯಾಗುತ್ತದೆ. ಬದಿಗಳಲ್ಲಿ ಜೋಶುವಾ ಎಂದು ಕರೆಯುವ ಮುಳ್ಳೆಲೆಯ ಮರಗಳು, ಬೇಲಿಯಿಲ್ಲದ ಹುಲ್ಲುಗಾವಲು, ಅಲ್ಲಲ್ಲಿ ರಸ್ತೆಯ ನಡುವೆಯೇ ನಿಂತ ದನಗಳು. ಒಂದು ಕರಿಯ ಆಕಳು ಹಾರ್ನಿಗೂ ಕದಲದೆ ನಮ್ಮನ್ನು ನೋಡುತ್ತ ನಿಂತಾಗ ತಮ್ಮ ಗೊಣಗಿದ, ನಮ್ಮ ಮನೆಯವರು ಮಾತ್ರ ಪ್ರವಾಸದಲ್ಲಿ ಮೊದಲ ಸಲ ತಮ್ಮ ಊರಿನವರನ್ನು ಕಂಡಂತೆ ಸಂತೋಷಪಟ್ಟರು.

ಅನ್ಯಗ್ರಹದಿಂದ ಬಂದವೆನ್ನುವ ಹಾರುವ ತಟ್ಟೆಗಳ ಇಲ್ಲಿನ ದಂತಕಥೆಗೆ ಕಾರಣವಾದ ಸ್ಥಳ ರಸ್ತೆಯಿಂದ ಕಾಣುವುದಿಲ್ಲ. ಗುಡ್ಡಗಳ ಆಚೆ ಗ್ರೂಮ್ ಲೇಕ್ ಎಂಬ ಒಣಗಿದ ಉಪ್ಪಿನ ಕೆರೆಯ ದಂಡೆಯಲ್ಲಿ ಏರಿಯಾ 51 ಎಂದು ಲೋಕವೆಲ್ಲ ಕರೆಯುವ ವಾಯುನೆಲೆಯಿದೆ. ರಸ್ತೆಯ ಬದಿಯಲ್ಲಿ ಮೊದಲು ಒಬ್ಬ ದನ ಸಾಕುವ ರೈತನ ಅಂಚೆಪೆಟ್ಟಿಗೆಯಿತ್ತು. ನಿರ್ಜನ ಬಯಲಿನಲ್ಲಿ ಗುರುತಿಗೆ ಬೇರೇನೂ ಇಲ್ಲದ್ದರಿಂದ ರಾತ್ರಿ ಆಕಾಶ ನೋಡಲು ಬರುವವರು ಅದರ ಬಳಿ ಸೇರತೊಡಗಿದರು. ಅದು ಕಪ್ಪು ಬಣ್ಣದ್ದಾಗಿತ್ತು. ಜನರ ಕಾಟ ತಾಳಲಾರದೆ ರೈತ ಗುಂಡು ತೂರದಂಥ ಬಿಳಿಯ ಪೆಟ್ಟಿಗೆ ಹಾಕಿಸಿದ ಮೇಲೂ ಆ ಜಾಗವನ್ನು 'ಕಪ್ಪು ಅಂಚೆಪೆಟ್ಟಿಗೆ' ಎಂದೇ ಕರೆಯುತ್ತಾರೆ.

ಆ ನೆಲೆಯ ಕಡೆಗೆ ಹೋಗುವ ಮಣ್ಣಿನ ರಸ್ತೆಯಲ್ಲಿ ನಾವೂ ಒಂದಿಷ್ಟು ದೂರ ಹೋದೆವು. ಹಿಂದೆ ಎದ್ದ ಧೂಳು ಬಹಳ ಹೊತ್ತು ನೆಲಕ್ಕಿಳಿಯಲಿಲ್ಲ. ನಾವು ಬರುತ್ತಿರುವುದು ಗುಡ್ಡದ ಮೇಲಿನವರಿಗೆ ಎಷ್ಟೋ ಮೊದಲೇ ಗೊತ್ತಾಗಿರಬೇಕು. ಗಡಿಯಲ್ಲಿ ಮುಂದೆ ಬರಕೂಡದು, ಫೋಟೋ ತೆಗೆಯಕೂಡದು ಎಂಬ ಫಲಕಗಳು, ದಿಬ್ಬದ ಮೇಲೊಂದು ಬಿಳಿಯ ಪಿಕಪ್ ಗಾಡಿ. ಅದರಿಂದ ಯಾರೂ ಇಳಿಯಲಿಲ್ಲ, ಅದು ಕದಲಲೂ ಇಲ್ಲ. "ಅಕ್ಕಾ, ಮೊಬೈಲ್ ಚೀಲದಾಗ ಇಡು" ಎಂದ ತಮ್ಮ, ಮರುಮಾತಿಲ್ಲದೆ ಕಾರು ಹೊರಳಿಸಿದ. ಅಷ್ಟರಲ್ಲಿ ನನಗೆ ಅಲ್ಲಿನ ಕಥೆಗಳ ಗುಟ್ಟು ಒಂದಿಷ್ಟು ತಿಳಿಯಿತು ಎನ್ನಿಸಿತು: ಯಾರೂ ಏನನ್ನೂ ಹೇಳದ ಕಡೆ ಮನುಷ್ಯನ ಮನಸ್ಸು ಸುಮ್ಮನೆ ಕೂಡುವುದಿಲ್ಲ.

ಹೇಳದೆ ಉಳಿದದ್ದು ಏನು ಎಂಬುದು ಈಗ ಬಹುಮಟ್ಟಿಗೆ ಗೊತ್ತಿದೆ. 1955ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ಸೋವಿಯತ್ ನೆಲದ ಮೇಲೆ ಹಾರಿ ಫೋಟೋ ತೆಗೆಯಬಲ್ಲ ಯು-2 ಎಂಬ ವಿಮಾನವನ್ನು ಪರೀಕ್ಷಿಸಲು ಜನವಸತಿಯಿಲ್ಲದ ಜಾಗ ಹುಡುಕಿ ಈ ಕೆರೆಯನ್ನು ಆರಿಸಿತು. ಆ ವರ್ಷದ ಆಗಸ್ಟ್ 1ರಂದು, ನೆಲದ ಮೇಲೆ ಓಡಿಸಿ ನೋಡುವ ಪರೀಕ್ಷೆಯಲ್ಲಿಯೇ, ರೆಕ್ಕೆಗಳು ಅಷ್ಟು ಉದ್ದವಾಗಿದ್ದ ಆ ವಿಮಾನ ಪೈಲಟ್ ಟೋನಿ ಲೆವಿಯರ್ ಬಯಸದೆಯೇ ಮೇಲೆದ್ದುಬಿಟ್ಟಿತು. ಗುರುತುಗಳಿಲ್ಲದ ಬಿಳಿಯ ಕೆರೆಯಂಗಳದಲ್ಲಿ ನೆಲ ಎಷ್ಟು ಕೆಳಗಿದೆಯೆಂದು ಅಂದಾಜಿಸುವುದು ಅವನಿಗೆ ಕಷ್ಟವಾಯಿತು. ಆ ಕಾಲದ ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ 10,000ದಿಂದ 20,000 ಅಡಿಗಳಲ್ಲಿ ಹಾರುತ್ತಿದ್ದರೆ ಯು-2 ಹಾರುತ್ತಿದ್ದುದು 60,000 ಅಡಿಗಳಿಗಿಂತ ಮೇಲೆ. ಅಷ್ಟು ಎತ್ತರದಲ್ಲಿ ಮನುಷ್ಯ ಹಾರಬಲ್ಲನೆಂದು ಹೊರಗಿನವರಿಗೆ ಗೊತ್ತೇ ಇರಲಿಲ್ಲ.

ಇನ್ನು ಸಂಜೆಯ ಹೊತ್ತನ್ನು ಊಹಿಸಿಕೊಳ್ಳಿ. ಪಶ್ಚಿಮಕ್ಕೆ ಸಾಗುತ್ತಿರುವ ಪ್ರಯಾಣಿಕ ವಿಮಾನದ ಪೈಲಟ್‌ಗೆ ಸೂರ್ಯ ಮುಳುಗಿ ಕತ್ತಲಾವರಿಸಿದೆ, ಆದರೆ ಅವನಿಗಿಂತ 40,000 ಅಡಿ ಮೇಲಿರುವ ಯು-2ಗೆ ಸೂರ್ಯ ಇನ್ನೂ ಕಾಣುತ್ತಿದ್ದಾನೆ. ಆರಂಭದ ಯು-2ಗಳಿಗೆ ಬಣ್ಣ ಬಳಿದಿರಲಿಲ್ಲ, ಬೆಳ್ಳಿಯಂತೆ ಹೊಳೆಯುವ ಅದರ ರೆಕ್ಕೆಗಳ ಮೇಲೆ ಬಿದ್ದ ಬಿಸಿಲು ಕೆಳಗಿನವನ ಕಣ್ಣಿಗೆ ಉರಿಯುವ ಒಂದು ವಸ್ತುವಾಗಿ ಕಾಣುತ್ತದೆ. ಅವನು ಪ್ರಾಮಾಣಿಕವಾಗಿ ವರದಿ ಕೊಡುತ್ತಾನೆ. ಇಂಥ ವರದಿಗಳನ್ನು ಪರಿಶೀಲಿಸಲು ವಾಯುಪಡೆ 1952ರಿಂದ 1969ರವರೆಗೆ 'ಬ್ಲೂ ಬುಕ್' ಎಂಬ ಯೋಜನೆ ನಡೆಸಿತು, ಒಟ್ಟು 12,618 ವರದಿಗಳನ್ನು ನೋಡಿತು, 701ಕ್ಕೆ ವಿವರಣೆ ಸಿಗಲಿಲ್ಲ ಎಂದಿತು. ಅಲ್ಲಿನ ಅಧಿಕಾರಿಗಳು ಯು-2 ಹಾರಾಟದ ದಾಖಲೆಗಳೊಡನೆ ತಾಳೆ ನೋಡಿ ಎಷ್ಟೋ ವರದಿಗಳ ನಿಜವನ್ನು ತಿಳಿಯುತ್ತಿದ್ದರು, ಆದರೆ ಪತ್ರ ಬರೆದವರಿಗೆ ಆ ನಿಜವನ್ನು ತಿಳಿಸುವಂತಿರಲಿಲ್ಲ. ಐವತ್ತರ ದಶಕದ ಕೊನೆ ಮತ್ತು ಅರವತ್ತರ ದಶಕದ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಯು-2 ಹಾಗೂ ಅದರ ನಂತರದ ಬೇಹು ವಿಮಾನಗಳೇ ಕಾರಣವೆಂದು ಸಿಐಎ ತನ್ನ ಇತಿಹಾಸದಲ್ಲಿ ಬರೆದುಕೊಂಡಿದೆ. ಆ ಲೆಕ್ಕ ಉತ್ಪ್ರೇಕ್ಷೆಯೆನ್ನುವ ಸಂಶೋಧಕರೂ ಇದ್ದಾರೆ. ಗ್ರೂಮ್ ಲೇಕ್‌ನ ಹೆಸರು ಮತ್ತು ನಕ್ಷೆಯೊಂದಿಗೆ ಆ ಇತಿಹಾಸದ ಪುಟಗಳು ಹೊರಬಂದದ್ದು 2013ರ ಆಗಸ್ಟಿನಲ್ಲಿ, ಅದೂ ಮಾಹಿತಿ ಹಕ್ಕಿನಡಿ ಕೇಳಿದ ಮೇಲೆ.

ಅಂದರೆ ನೋಡಿದವರು ಸುಳ್ಳು ಹೇಳಿರಲಿಲ್ಲ. ಈ ಮಾತು ನನಗೆ ಮುಖ್ಯವೆನ್ನಿಸುವುದಕ್ಕೆ ಕಾರಣವಿದೆ. ರೋಣದ ಕಡೆಯ ನಮ್ಮ ಅಜ್ಜಿ ಎರಿ ಹೊಲದ ಆಚೆ ರಾತ್ರಿ ಓಡಾಡುವ ಕೊಳ್ಳಿದೆವ್ವದ ಬೆಳಕನ್ನು ಕಂಡದ್ದಾಗಿ ಹೇಳುತ್ತಿದ್ದಳು, ಓದು ಬರೆಹ ಕಲಿತ ನಾವು ನಗುತ್ತಿದ್ದೆವು. ಅವಳು ಕಂಡದ್ದು ಯಾರದೋ ಕಂದೀಲೋ, ಬೇರೇನೋ, ಆದರೆ ಬೆಳಕೊಂದನ್ನು ಕಂಡದ್ದಂತೂ ನಿಜವಿರಬೇಕು. ಇತ್ತೀಚೆಗೆ ಸ್ಟಾರ್‌ಲಿಂಕ್ ಉಪಗ್ರಹಗಳು ಉಡಾವಣೆಯಾದ ಹೊಸದರಲ್ಲಿ ಸಾಲಾಗಿ ಆಕಾಶದಲ್ಲಿ ಹಾದುಹೋದಾಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಂಥೆಂಥ ಮಾತುಗಳು ಹರಿದಾಡುತ್ತವೆ ಎಂಬುದನ್ನು ನೋಡಿದ್ದೇವೆ. ವ್ಯತ್ಯಾಸವೆಂದರೆ ಇದಕ್ಕೆ ವಿವರಣೆ ಮರುದಿನವೇ ಸಿಗುತ್ತದೆ, ನೆವಾಡಾದವರಿಗೆ ಅದು ದಶಕಗಳ ಕಾಲ ಸಿಗಲಿಲ್ಲ. ಆ ತೆರಪಿನಲ್ಲಿ ಬೆಳೆದದ್ದು ಉಳಿದ ಕಥೆಯೆಲ್ಲ. 1989ರಲ್ಲಿ ಬಾಬ್ ಲಜಾರ್ ಎಂಬಾತ ಲಾಸ್ ವೇಗಸ್ಸಿನ ಟಿವಿಯಲ್ಲಿ, ಗ್ರೂಮ್ ಲೇಕ್‌ನ ಸಮೀಪ ಎಸ್-4 ಎಂಬಲ್ಲಿ ಅನ್ಯಗ್ರಹದ ವಾಹನಗಳನ್ನು ಬಿಚ್ಚಿ ನೋಡುವ ಕೆಲಸ ಮಾಡಿದ್ದೆ ಎಂದು ಹೇಳಿದ ಮೇಲೆ ಅದು ಜಗತ್ತಿಗೇ ಹಬ್ಬಿತು. ತಾನು ಓದಿದ್ದಾಗಿ ಅವನು ಹೇಳಿಕೊಂಡ ವಿಶ್ವವಿದ್ಯಾಲಯಗಳಲ್ಲಿ ಅವನ ದಾಖಲೆಯೇ ಇಲ್ಲ, ಆದರೂ ಕಥೆ ನಿಲ್ಲಲಿಲ್ಲ.

ಮಧ್ಯಾಹ್ನ ರೇಚೆಲ್ ತಲುಪಿದೆವು. ಹತ್ತಿರದ ಟಂಗ್‌ಸ್ಟನ್ ಗಣಿ ನಡೆಯುತ್ತಿದ್ದಾಗ ಇಲ್ಲಿ ಜನ ಹೆಚ್ಚಿದ್ದರಂತೆ. ಗಣಿ ಮುಚ್ಚಿದ ಮೇಲೆ ಉಳಿದವು ಸಾಲಾಗಿ ನಿಂತ ಕೆಲವು ಟ್ರೇಲರ್ ಮನೆಗಳು ಮತ್ತು ಲಿಟಲ್ ಎ'ಲಿ'ಇನ್ ಎಂಬ ಖಾನಾವಳಿ. ಹೊರಗೆ ಹಳೆಯ ಟೋಯಿಂಗ್ ಗಾಡಿಯೊಂದು ತನ್ನ ಕೊಕ್ಕೆಗೆ ತಗಡಿನ ಹಾರುವ ತಟ್ಟೆಯನ್ನು ತೂಗುಹಾಕಿಕೊಂಡು ನಿಂತಿದೆ. ಒಳಗೆ ಬಾರಿನ ಮೇಲಿನ ಮಾಡಿನ ತುಂಬ ಬಂದವರು ಸಹಿ ಹಾಕಿ ಅಂಟಿಸಿದ ಡಾಲರ್ ನೋಟುಗಳು, ಗೋಡೆಯ ತುಂಬ ಮಸುಕಾದ ಬೆಳಕಿನ ಚುಕ್ಕೆಗಳ ಫೋಟೋಗಳು, ಕೀಲಿಗೊಂಚಲು, ಹಸಿರು ಗೊಂಬೆಗಳು. ಅಲ್ಲಿನ ಬರ್ಗರ್ ಹೆಸರುವಾಸಿ. ನಾವು ಅಲ್ಲಿ ಕಾಫಿ ಮಾತ್ರ ಕುಡಿದು, ಆಮೇಲೆ ಹೊರಗೆ ಕಾರಿನ ನೆರಳಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದೆವು. 2019ರ ಸೆಪ್ಟೆಂಬರಿನಲ್ಲಿ, ಎಲ್ಲರೂ ಒಮ್ಮೆಗೇ ನುಗ್ಗಿ ನೆಲೆಯೊಳಗೆ ಏನಿದೆ ನೋಡೋಣ ಎಂದು ಫೇಸ್‌ಬುಕ್ಕಿನಲ್ಲಿ ತಮಾಷೆಗೆ ಯಾರೋ ಹಾಕಿದ ಕರೆಗೆ 20 ಲಕ್ಷಕ್ಕೂ ಹೆಚ್ಚು ಜನ ಬರುತ್ತೇವೆ ಎಂದರು. ಈ ಕಡೆಗೆ ನಿಜವಾಗಿ ಬಂದವರು ಕೆಲವು ಸಾವಿರ, ಒಳಗೆ ನುಗ್ಗಿದ ಗುಂಪು ಯಾವುದೂ ಇಲ್ಲ.

ಗೊಂಬೆ ಮಾರುವವರ ಬಗ್ಗೆ ನನಗೆ ತಕರಾರಿಲ್ಲ, ಆ ಬಯಲಿನಲ್ಲಿ ಹೊಟ್ಟೆ ಹೊರೆಯಲು ಬೇರೆ ದಾರಿ ಕಡಿಮೆ. ಆದರೆ ಆ ಗೋಡೆಗಳ ಮೇಲೆ ಕಾಣದ ಇನ್ನೊಂದು ಕಥೆಯಿದೆ. ನೆಲೆಯ ತೆರೆದ ಹೊಂಡಗಳಲ್ಲಿ ವಿಷದ ತ್ಯಾಜ್ಯವನ್ನು ಸುಟ್ಟ ಹೊಗೆಯಿಂದ ತಮಗೆ ಕಾಯಿಲೆಯಾಯಿತೆಂದು ಅಲ್ಲಿ ಕೆಲಸ ಮಾಡಿದವರೂ, ತೀರಿಕೊಂಡ ಇಬ್ಬರ ಹೆಂಡಂದಿರೂ 1994ರಲ್ಲಿ ನ್ಯಾಯಾಲಯಕ್ಕೆ ಹೋದರು. 1995ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್, ಗ್ರೂಮ್ ಲೇಕ್ ಬಳಿಯ ನೆಲೆಯ ಗುಪ್ತ ಮಾಹಿತಿಯನ್ನು ಹೊರಗೆಡಹುವಂತೆ ಮಾಡುವ ಪರಿಸರ ಕಾನೂನುಗಳಿಂದ ಅದಕ್ಕೆ ವಿನಾಯಿತಿ ಕೊಟ್ಟರು. ಮೊಕದ್ದಮೆ ಬಿದ್ದುಹೋಯಿತು, 1998ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಸುಟ್ಟದ್ದೇನು, ಉಸಿರಾಡಿದ್ದೇನು ಎಂದು ತಿಳಿಯಬೇಕಾದವರಿಗೆ ಅದು ತಿಳಿಯಲೇ ಇಲ್ಲ. ಗುಡ್ಡದಾಚೆ ಏನಿದೆ ಎಂದು ಕೇಳುವವರ ಕುತೂಹಲವೆಲ್ಲ ಹಸಿರು ಗೊಂಬೆಗಳ ಕಡೆಗೇ ಹರಿದರೆ ಗುಟ್ಟು ಕಾಯುವವರಿಗೆ ಅದಕ್ಕಿಂತ ಅನುಕೂಲ ಬೇರೇನಿದೆ? ಇದನ್ನೇ ಕಾರಿನಲ್ಲಿ ಹೇಳಿದೆ. "ನೀ ಎಲ್ಲೆ ಹೋದ್ರೂ ಪಾಠಾನ ಮಾಡ್ತಿ ನೋಡು" ಎಂದು ತಮ್ಮ ನಕ್ಕ. ಹಿಂದಿನ ಸೀಟಿನಲ್ಲಿ ನಮ್ಮ ಮನೆಯವರು ಆಗಲೇ ನಿದ್ದೆ ಹೋಗಿದ್ದರು.

ರೇಚೆಲ್ ದಾಟಿದ ಮೇಲೆ ರಸ್ತೆ ಇನ್ನೂ ಬರಿದು. ಅದು ಮುಗಿಯುವ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಪಾಳುಬಿದ್ದ ಕಟ್ಟಡ ಬಿಟ್ಟರೆ ಏನಿಲ್ಲ. ಅಲ್ಲಿಂದ 6ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಬೆಳ್ಳಿ ಗಣಿಯ ಹಳೆಯ ಪೇಟೆ ಟೋನೊಪಾ. 1981ರಲ್ಲಿ ಗ್ರೂಮ್ ಲೇಕ್‌ನಲ್ಲಿಯೇ ಮೊದಲು ಹಾರಿದ, ರಾಡಾರಿಗೆ ಸುಲಭಕ್ಕೆ ಸಿಗದ ಎಫ್-117 ವಿಮಾನಗಳನ್ನು ಈ ಊರಿನ ಆಗ್ನೇಯಕ್ಕಿರುವ ನೆಲೆಯಲ್ಲಿ ಇಟ್ಟು ರಾತ್ರಿ ಹೊತ್ತು ಮಾತ್ರ ಹಾರಿಸುತ್ತಿದ್ದರು. ಸರ್ಕಾರ ಅದನ್ನು ಒಪ್ಪಿಕೊಂಡದ್ದು 1988ರ ನವೆಂಬರಿನಲ್ಲಿ. ಕರಿಯ, ಮೂಲೆಮೂಲೆಯ ಆ ಆಕಾರವನ್ನು ಅದಕ್ಕೂ ಮೊದಲು ಇರುಳಲ್ಲಿ ಕಂಡವನಿಗೆ ಏನೆನ್ನಿಸಿದ್ದೀತು!

ವೇಗಸ್ಸಿಗೆ ಹೋಗುವ ನಮ್ಮ ಕಡೆಯವರಿಗೆ ನನ್ನ ಸಲಹೆ ಇಷ್ಟು. ಒಂದೇ ದಿನ ಬಿಡುವಿದ್ದರೆ ಹೂವರ್ ಅಣೆಕಟ್ಟು ನೋಡಿ ಬನ್ನಿ, ಅದೇ ಒಳ್ಳೆಯದು. ಹೆಚ್ಚು ಬಿಡುವಿದ್ದರೆ ಈ ರಸ್ತೆಗೆ ಹೋಗಿ ಟೋನೊಪಾದಲ್ಲಿ ರಾತ್ರಿ ಉಳಿಯಿರಿ. ಅಲಾಮೊದಲ್ಲಿ ಪೆಟ್ರೋಲು ತುಂಬಿಸಿ, ನೀರು ಧಾರಾಳವಾಗಿ ಇಟ್ಟುಕೊಳ್ಳಿ, ದೊಡ್ಡ ಭಾಗದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಕತ್ತಲಾದ ಮೇಲೆ ದನಗಳಿಗಾಗಿ ನಿಧಾನ ಓಡಿಸಿ, ಫಲಕಗಳಿರುವ ಗಡಿಯನ್ನು ಯಾವ ಕಾರಣಕ್ಕೂ ದಾಟಬೇಡಿ. ಸ್ಟಿಕ್ಕರ್ ಅಂಟಿಸುವ ಉಮೇದಿದ್ದರೆ ಕನ್ನಡದ್ದೇ ಒಯ್ಯಿರಿ, ಆದರೆ ಆ ಫಲಕದ ಮೇಲೆ ಜಾಗ ಹುಡುಕುವುದು ನಿಮಗೆ ಬಿಟ್ಟದ್ದು.