ಪಟ್ಟದಕಲ್ಲಿಗೆ ಹೋಗ್ತೀರಾ? ಗುಡಿಯನ್ನು ಪಾದದಿಂದ ನೆತ್ತಿಯವರೆಗೆ ನೋಡಿ

ಪಟ್ಟದಕಲ್ಲಿಗೆ ಬಂದು ಗಡಿಬಿಡಿಯಲ್ಲಿ ನಾಲ್ಕು ಫೋಟೊ ತೆಗೆದು ಐಹೊಳೆಗೆ ಓಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಬಾದಾಮಿಯಲ್ಲಿ ಉಳಿದುಕೊಳ್ಳಿ, ಅಲ್ಲಿಂದ 22 ಕಿ.ಮೀ. ಅಷ್ಟೇ. ಬೆಳಿಗ್ಗೆ ಬೇಗ ಹೊರಡಿ, ಯಾಕಂದ್ರೆ ಇಲ್ಲಿನ ದೊಡ್ಡ ಗುಡಿಗಳು ಪೂರ್ವಕ್ಕೆ ಮುಖ ಮಾಡಿ ನಿಂತಿವೆ, ಎಳೆಬಿಸಿಲು ನೇರ ಮುಖದ ಮೇಲೇ ಬೀಳುತ್ತದೆ. ಮಧ್ಯಾಹ್ನವಾದರೆ ಕಲ್ಲು ಕಾದು ಬರಿಗಾಲಲ್ಲಿ ನಿಲ್ಲೋಕೆ ಆಗಲ್ಲ.

ಹೋದ ಕೂಡಲೇ ಒಳಗೆ ನುಗ್ಗಬೇಡಿ. ಹೊರಗೆ ಸ್ವಲ್ಪ ದೂರದಲ್ಲಿ ನಿಂತು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ. ಹಳೆಯ ಶಿಲ್ಪಿಗಳು ಗುಡಿಯನ್ನು ನಿಂತ ಮನುಷ್ಯನ ಮೈಯಂತೆ ಕಂಡವರು: ಅಧಿಷ್ಠಾನ (ಗುಡಿ ನಿಂತಿರುವ ಪೀಠ) ಪಾದ, ಕಂಬ ಗೋಡೆಗಳು ಕಾಲು, ಪ್ರಸ್ತರ (ಗೋಡೆಯ ಮೇಲಿನ ಸೂರಿನ ಸಾಲು) ಹೆಗಲು, ಅದರ ಮೇಲೆ ಒಳಕ್ಕೆ ಸರಿದಿರುವ ಗ್ರೀವ ಕತ್ತು, ಶಿಖರ ತಲೆ. ಇದನ್ನು ಓದಿ ಬಾಯಿಪಾಠ ಮಾಡುವುದು ಬೇರೆ, ಅಲ್ಲಿ ನಿಂತು ಆ ಕತ್ತನ್ನು ಕಣ್ಣಾರೆ ಹುಡುಕುವುದೇ ಬೇರೆ.

ನನ್ನ ಸಲಹೆ, ಮೊದಲು ಸಂಗಮೇಶ್ವರ ನೋಡಿ. ಚಾಲುಕ್ಯ ವಿಜಯಾದಿತ್ಯ ಕಟ್ಟಿಸಿದ್ದು. ಆಮೇಲೆ ವಿರೂಪಾಕ್ಷ, ಅವನ ಮಗ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಎರಡರ ನೆತ್ತಿಯನ್ನೂ ಹೋಲಿಸಿ ನೋಡಿ. ವಿರೂಪಾಕ್ಷದ ಶಿಖರದಿಂದ ಮುಂದಕ್ಕೆ ಚಾಚಿಕೊಂಡ ಭಾಗ ಇದೆಯಲ್ಲ, ಅದೇ ಶುಕನಾಸಿ, ಗುಡಿಯ ಮೂಗು. ಸಂಗಮೇಶ್ವರಕ್ಕೆ ಅದು ಇಲ್ಲ! ಇದೊಂದನ್ನು ಗುರುತಿಸಿದ ಮೇಲೆ ಯಾವ ಗುಡಿಗೆ ಹೋದರೂ ಕಣ್ಣು ತಾನಾಗೇ ಮೂಗು ಹುಡುಕುತ್ತದೆ. ಪಕ್ಕದ ಜಂಬುಲಿಂಗ ಚಿಕ್ಕದು ಅಂತ ಬಿಡಬೇಡಿ, ಅದರ ಶುಕನಾಸಿಯಲ್ಲಿ ಶಿವ ಕುಣಿಯುತ್ತಿದ್ದಾನೆ, ಜೊತೆಗೆ ಪಾರ್ವತಿ, ನಂದಿ.

ಈಗ ವಿರೂಪಾಕ್ಷದ ಒಳಗೆ ಹೋಗಿ. ಇಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೇ ಬಿಡಬೇಕು. ಒಳಗೆ ಲೆಕ್ಕ ಬೇರೆ, ಆ ಮೈ ಈಗ ಮಲಗಿದೆ. ಬಾಗಿಲು ಕಾಲಿನ ಕಡೆ, ಮಂಟಪ ಹೊಟ್ಟೆ ಎದೆ, ಗರ್ಭಗುಡಿ ತಲೆ ಅನ್ನುತ್ತಾರೆ. ಜಾಲಂಧ್ರದ, ಅಂದರೆ ತೂತು ಕೊರೆದ ಕಲ್ಲಿನ ಕಿಟಕಿಯ, ಬೆಳಕು ಮಂಟಪದಲ್ಲೇ ನಿಂತುಬಿಡುತ್ತದೆ, ಮುಂದೆ ಹೋದಷ್ಟೂ ಕತ್ತಲು. ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕಥೆಗಳಿವೆ, ಸಣ್ಣ ಟಾರ್ಚ್ ಇದ್ದರೆ ಒಳ್ಳೆಯದು. ಹೊಳೆದಂಡೆಯ ಪಾಪನಾಥಕ್ಕೂ ನಡೆದು ಹೋಗಿ. ಮೈ ಉದ್ದ, ತಲೆ ಸಣ್ಣದು. ನನಗೆ ಆ ಅಳತೆ ಒಗ್ಗುವುದಿಲ್ಲ, ನಿಮಗೆ ಏನನ್ನಿಸುತ್ತೋ ನೋಡಿ.

ಸಮಯವಿದ್ದರೆ ಐಹೊಳೆ ಮುಗಿಸಿ ಕೂಡಲಸಂಗಮಕ್ಕೆ ಹೋಗಿ. ಪಟ್ಟದಕಲ್ಲಿನಲ್ಲಿ ಕಂಡ ಮಲಪ್ರಭೆಯೇ ಅಲ್ಲಿ ಕೃಷ್ಣೆಯನ್ನು ಸೇರುವುದು. ಗುಡಿಗೆ ಮೈಯ ರೂಪ ಕೊಟ್ಟ ಈ ನಾಡಿನಲ್ಲೇ ಸುಮಾರು 400 ವರ್ಷಗಳ ನಂತರ ಬಸವಣ್ಣ ಬಂದು ಕಾಲೇ ಕಂಬ, ದೇಹವೇ ದೇಗುಲ ಅಂದರು. ಕಲ್ಲಿನ ಗುಡಿಯೇ ಬೇಡ ಅನ್ನುವಷ್ಟು ದೂರ ಆ ಮಾತು ಹೋಯಿತು. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿದರೆ ಆ ಮಾತಿನ ತೂಕ ತಿಳಿಯುತ್ತದೆ.

ಊಟಕ್ಕೆ ಬನಶಂಕರಿ ಗುಡಿ ಹತ್ತಿರ ಅಜ್ಜಿಯರು ಮಾರುವ ರೊಟ್ಟಿ, ಮೊಸರು ಸಾಕು. ಬಾದಾಮಿಯ ಮ್ಯೂಸಿಯಂನಲ್ಲಿ ಲಜ್ಜಾಗೌರಿ ಅನ್ನುವ ತಾಯಿದೇವತೆಯ ಶಿಲ್ಪ ಇದೆ, ತಲೆಯ ಜಾಗದಲ್ಲಿ ಕಮಲ, ಹೆರಿಗೆಗೆ ಕೂತ ಭಂಗಿ. ಗರ್ಭಗುಡಿ ನೋಡಿ ಬಂದವರು ಅವಳನ್ನು ನೋಡದೆ ಹೋಗಬಾರದು. ಶುಕ್ರವಾರ ಮ್ಯೂಸಿಯಂಗೆ ರಜೆ, ಆ ದಿನ ಬಿಟ್ಟು ಪ್ಲಾನ್ ಮಾಡಿ.