ಅಕ್ಕಿಕಾಳಿನಷ್ಟು ಗಾಯ

ಮುಂಬೈಯ ಮಾತುಂಗದ ಆ ಮನೆಯ ಮೀನಿನ ಟ್ಯಾಂಕ್ 2 ಅಡಿ ಉದ್ದ, 1 ಅಡಿ ಅಗಲ, 15 ಇಂಚು ಎತ್ತರದ್ದು. ಲೆಕ್ಕಕ್ಕೆ 70 ಲೀಟರ್. ಜಲ್ಲಿ, ಕಲ್ಲು ಕಳೆದರೆ 60ರ ಆಸುಪಾಸು. ಭಾನುವಾರಕ್ಕೊಮ್ಮೆ ಒಂದು ಬಕೆಟ್ ನೀರು ತೆಗೆದು ಒಂದು ಬಕೆಟ್ ತುಂಬುವುದು, ಅರ್ಧ ಗಂಟೆಯ ಕೆಲಸ. ಹುಡುಗ ಆಗಲೇ ಅಂಗಿಯ ತೋಳು ಮಡಚಿ ನಿಂತಿದ್ದ.

"ತಡಿಯೋ, ಮೊದಲು ಕೈ ತೋರಿಸು" ಎಂದೆ.

ತೋರುಬೆರಳಿನ ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟುದ್ದದ ಗಾಯ. ಹಿಂದಿನ ದಿನ ಕಾಯಿ ತುರಿಯುವಾಗ ತುರಿಮಣೆ ತಗಲಿದ್ದು. ಅಂಚು ಇನ್ನೂ ಕೆಂಪಗಿತ್ತು. "ಇಷ್ಟೇ ಅಲ್ವಾ ಮಾಮಾ, ಪಟ್ಟಿ ಅಂಟಿಸಿದ್ರೆ ಆಯ್ತು" ಅಂದ. ಆಗುವುದಿಲ್ಲ. ಬಟ್ಟೆಯ ಪಟ್ಟಿ ನೀರಿನಲ್ಲಿ ಬೇಗ ಸಡಿಲವಾಗಿ, ಟ್ಯಾಂಕಿನ ನೀರನ್ನು ಗಾಯಕ್ಕೇ ಒತ್ತಿ ಹಿಡಿಯುತ್ತದೆ. ಗಾಯ ಪೂರ್ತಿ ಮುಚ್ಚುವವರೆಗೆ ಕೈ ಹಾಕದಿರುವುದೇ ಸರಿ. ಹಾಕಲೇಬೇಕಾದರೆ ಮೊಣಕೈ ದಾಟುವ ರಬ್ಬರ್ ಗ್ಲೌಸ್ ಬೇಕು. ಅದರೊಳಗೆ ಗಾಳಿ ತುಂಬಿ, ಬಾಯಿ ಹಿಡಿದು, ಬಕೆಟ್ಟಿನಲ್ಲಿ ಮುಳುಗಿಸಿದರೆ ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಪಾತ್ರೆ ತೊಳೆಯುವ ಗ್ಲೌಸ್ ಮಾತ್ರ ತರಬೇಡಿ, ಅದರ ಸೋಪು ಮೀನಿನ ಕಿವಿರಿಗೆ ವಿಷ.

ಇಷ್ಟು ಹಟ ಯಾಕೆಂದರೆ, ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಕ್ರಿಮಿ. ಕ್ಷಯದ ಕ್ರಿಮಿಯ ದಾಯಾದಿ. 1926ರಲ್ಲಿ ಫಿಲಡೆಲ್ಫಿಯಾದ ಅಕ್ವೇರಿಯಂನಲ್ಲಿ ಸತ್ತ ಕಡಲ ಮೀನುಗಳಲ್ಲಿ ಮೊದಲು ಸಿಕ್ಕಿತು, ಸಿಹಿನೀರಿನ ಟ್ಯಾಂಕಿನಲ್ಲೂ ಇರುತ್ತದೆ. ಅದಕ್ಕೆ ಹಿಡಿಸುವುದು 30 ಡಿಗ್ರಿಯ ಸುತ್ತಲಿನ ಬಿಸಿ. ಮೈಯೊಳಗಿನ 37 ಅದಕ್ಕೆ ಜಾಸ್ತಿ. ಹಾಗಾಗಿ ತಣ್ಣಗಿರುವ ಬೆರಳು, ಮುಂಗೈಯಲ್ಲೇ ಬೀಡುಬಿಡುತ್ತದೆ. ಗಾಯ ಮಾಯ್ದು ಎಲ್ಲರೂ ಮರೆತ ಮೇಲೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ, ಅಲ್ಲೊಂದು ಕೆಂಪು-ನೇರಳೆ ಗಂಟು ಏಳುತ್ತದೆ. ಕೆಲವರಿಗೆ ಗಂಟುಗಳು ಸಾಲಾಗಿ ತೋಳಿನ ಮೇಲೆ ಹತ್ತುತ್ತವೆ. ನೋವು ಹೆಚ್ಚಿರದ ಕಾರಣ ಮುಲಾಮು ಹಚ್ಚುತ್ತಾ ತಿಂಗಳು ಕಳೆಯುತ್ತಾರೆ. ಐದು ದಿನದ ಮಾತ್ರೆಗೆ ಇದು ಬಗ್ಗುವುದಿಲ್ಲ, ಚಿಕಿತ್ಸೆ ತಿಂಗಳುಗಟ್ಟಲೆ. ಡಾಕ್ಟರ ಮುಂದೆ ಕೂತ ಕೂಡಲೇ "ಮನೆಯಲ್ಲಿ ಮೀನಿನ ಟ್ಯಾಂಕ್ ಇದೆ" ಎನ್ನಬೇಕು. ಅದು ಗೊತ್ತಿಲ್ಲದೆ ಲ್ಯಾಬಿನವರು ಮಾದರಿಯನ್ನು 37 ಡಿಗ್ರಿಯಲ್ಲೇ ಇಟ್ಟರೆ ಕ್ರಿಮಿ ಬೆಳೆಯದೆ, ವರದಿ ಏನೂ ಇಲ್ಲ ಎಂದು ಬರಬಹುದು.

ಕೊನೆಗೆ ಕೈ ಹಾಕಲು ಬಂದವರು ಹುಡುಗನ ತಾಯಿ. "ಅಕ್ಕ, ಬಳೆ ಉಂಗುರ ತೆಗೆದಿಡಿ" ಎಂದೆ. ಉಂಗುರದಡಿ ಕೊಳೆ ಕೂರುತ್ತದೆ, ಗಾಜಿನ ಬಳೆ ಒಡೆದರೆ ಮತ್ತೆ ಗಾಯ. ರಾತ್ರಿ ಹಚ್ಚಿದ ಸೊಳ್ಳೆ ಕ್ರೀಮು ಇನ್ನೂ ಕೈಯಲ್ಲಿತ್ತು. ಮೊದಲಿನ ತೊಳೆಯುವಿಕೆ ಮೀನಿಗಾಗಿ: ಸೋಪು ಹಾಕಿ, ಜಾರು ಹೋಗುವವರೆಗೆ ನಲ್ಲಿಯಡಿ ಹಿಡಿಯಬೇಕು. ಸ್ಯಾನಿಟೈಸರ್ ಬೇಡ.

ಫಿಲ್ಟರ್, ಹೀಟರ್ ಎರಡರ ಪ್ಲಗ್ಗನ್ನೂ ಕಿತ್ತೆವು. ಬರೀ ಸ್ವಿಚ್ ಆರಿಸಿದರೆ ಸಾಲದು. ಹಳೆ ಕಟ್ಟಡಗಳಲ್ಲಿ ಸ್ವಿಚ್ಚು ಕರೆಂಟು ತರುವ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಬಿದ್ದಿದ್ದರೆ, ಆರಿಸಿದ ಮೇಲೂ ಹೀಟರಿನೊಳಗೆ ಕರೆಂಟು ಇರುತ್ತದೆ. ಹೀಟರ್ ತಣ್ಣಗಾಗಲು ಹದಿನೈದು ನಿಮಿಷ ಬಿಡದೆ ನೀರಿಳಿಸಿದರೆ ಅದರ ಗಾಜು ಬಿರಿಯುತ್ತದೆ. ವಯರು ಪ್ಲಗ್ಗಿಗಿಂತ ಕೆಳಗೆ ಜೋತು ಆಮೇಲೆ ಮೇಲೇರಬೇಕು, ಜಾರಿದ ಹನಿ ಅಲ್ಲೇ ನೆಲಕ್ಕೆ ಬೀಳಲಿ ಎಂದು.

ಪೈಪನ್ನು ಬಾಯಲ್ಲಿ ಎಳೆಯುವ ಅಭ್ಯಾಸ ಹುಡುಗನಿಗಿತ್ತು. ಪೈಪನ್ನು ಟ್ಯಾಂಕಿನಲ್ಲೇ ಮುಳುಗಿಸಿ ತುಂಬಿಸಿ, ತುದಿಗೆ ಹೆಬ್ಬೆರಳು ಒತ್ತಿ ಬಕೆಟ್ಟಿಗಿಳಿಸಿದರೆ ನೀರು ತಾನೇ ಹರಿಯುತ್ತದೆ. ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಸಕ್ಕರ್ ಮೀನು ಬಲೆಗೆ ಸಿಕ್ಕಿಕೊಂಡಾಗ ಬೆರಳಲ್ಲಿ ಬಿಡಿಸಲು ಹೋಗಬಾರದು, ಎದೆಯ ರೆಕ್ಕೆಯ ಮುಳ್ಳು ಚುಚ್ಚುತ್ತದೆ. ಬಲೆ ಸಮೇತ ನೀರಿಗಿಟ್ಟರೆ ಅದೇ ಬಿಡಿಸಿಕೊಳ್ಳುತ್ತದೆ.

ಕೊಳೆನೀರು ಬಚ್ಚಲಿಗೆ ಹೋಯಿತು, ಸ್ಪಂಜೂ ಅಲ್ಲೇ, ಅಡುಗೆ ಸಿಂಕಿಗಲ್ಲ. ಆಮೇಲೆ ಅಕ್ಕ ಮೊಣಕೈವರೆಗೆ ಸೋಪು ಹಚ್ಚಿ, ಉಗುರಿನಡಿ ಬ್ರಷ್ ಆಡಿಸಿ, ಮುಂಗೈಯಲ್ಲಿ ಎಲ್ಲಾದರೂ ಗೀರಿದೆಯೇ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡರು. ಹುಡುಗ ಎಡಗೈಯಲ್ಲಿ ಪ್ಲಗ್ ಸಿಕ್ಕಿಸಲು ಹೊರಟ. ಆ ಕೈ ಇನ್ನೂ ಒದ್ದೆಯಾಗಿತ್ತು.