ಜವಾರಿ ತತ್ತಿಯೊಳಗೆ ಬಲಕ್ಕೆ ಬಾಗುವ ಹೃದಯ

ರಾಯಚೂರಿನ ಬಿಎಸ್ಸಿ ಮಕ್ಕಳಿಗೆ ಕೋಳಿ ಭ್ರೂಣದ ಹೃದಯ ಬಲಕ್ಕೆ ಬಾಗುವುದನ್ನು ತೋರಿಸಿದ ದಿನದ ಅರ್ಧ ಕೆಲಸ ತತ್ತಿ ಹೊಂದಿಸುವುದರಲ್ಲೇ ಇತ್ತು. ಅಂಗಡಿಯ ಫಾರಂ ತತ್ತಿಯಲ್ಲಿ ಭ್ರೂಣ ಇರುವುದಿಲ್ಲ. ಹುಂಜದ ಜೊತೆ ಮೇಯುವ ಜವಾರಿ ಕೋಳಿಯದ್ದೇ ಆಗಬೇಕು. ದೇವದುರ್ಗದ ಕಡೆಯ ಹಳ್ಳಿಯಿಂದ ತರಿಸಿದೆವು. ನಮ್ಮ ಬಿಸಿಲಿನಲ್ಲಿ ತತ್ತಿಯನ್ನು ಬುಟ್ಟಿಯಲ್ಲಿ ಹೊರಗೇ ಬಿಟ್ಟರೆ ಕೋಶಗಳು ಅಡ್ಡಾದಿಡ್ಡಿ ಬೆಳೆಯಲು ಶುರುವಿಟ್ಟು ಸಾಯುತ್ತವೆ. 15 ಡಿಗ್ರಿ ಆಸುಪಾಸಿನ ತಂಪು ಬೇಕು, ಅದೂ ಒಂದು ವಾರದೊಳಗೆ ಬಳಸಬೇಕು.

ಇನ್‌ಕ್ಯುಬೇಟರ್ 37.5 ಡಿಗ್ರಿಯಲ್ಲಿ, ಒಳಗೆ ನೀರಿನ ತಟ್ಟೆ. ತತ್ತಿಯನ್ನು ಅಡ್ಡ ಮಲಗಿಸಿ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿದ್ದೆವು; ಭ್ರೂಣ ತೇಲಿ ಬಂದು ಅಲ್ಲೇ ನಿಲ್ಲುತ್ತದೆ. ಒಂದು ರಾತ್ರಿ 10ಕ್ಕೆ ಇಟ್ಟರೆ ಒಂದು ದಿನ ಬಿಟ್ಟು ಬೆಳಿಗ್ಗೆ 10ಕ್ಕೆ 36 ಗಂಟೆ. ಬೆನ್ನುದ್ದಕ್ಕೂ ಮುಂದೆ ಬೆನ್ನುಮೂಳೆ, ಸ್ನಾಯುಗಳಾಗುವ ಸಣ್ಣ ಮುದ್ದೆಗಳು, ಅಂದರೆ ಸುಮಾರು ಹತ್ತು ಜೋಡಿ ಸೋಮೈಟ್‌ಗಳು ಕಾಣುತ್ತವೆ, ನೇರವಾಗಿದ್ದ ಹೃದಯದ ನಳಿಕೆ ಆಗಷ್ಟೇ ಬಾಗತೊಡಗಿರುತ್ತದೆ. ನಡುವೆ ಕರೆಂಟ್ ಹೋಗಿದ್ದರೆ ಗಂಟೆಯ ಲೆಕ್ಕ ನಂಬಬಾರದು, ಸೋಮೈಟ್ ಎಣಿಸಬೇಕು.

ಒಡೆಯುವ ಮೊದಲು ಮೊಂಡು ತುದಿಯಲ್ಲಿ ಸಣ್ಣ ತೂತು ಮಾಡಿ, 18 ಗೇಜ್ ಸೂಜಿಯನ್ನು ಕೆಳಮುಖವಾಗಿ ತೂರಿಸಿ 2ರಿಂದ 3 ಮಿಲಿ ಬಿಳಿಲೋಳೆ ತೆಗೆಯಬೇಕು. ಆಗ ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ, ಕತ್ತರಿ ತಾಗುವುದಿಲ್ಲ. ಸಿರಿಂಜಿನಲ್ಲಿ ಹಳದಿ ಬಂತೆಂದರೆ ಸೂಜಿ ಹಳದಿ ಭಾಗಕ್ಕೆ ಚುಚ್ಚಿದೆ, ಆ ತತ್ತಿ ಕೈಬಿಡಿ. ಕಿಟಕಿ ಕತ್ತರಿಸಿದ ಮೇಲೆ ಒಣಗದಂತೆ ಲವಣದ್ರಾವಣದ ಹನಿ: ಲೀಟರಿಗೆ ಸೋಡಿಯಂ ಕ್ಲೋರೈಡ್ 7.2 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.37, ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ 0.17.

ಇನ್ನು ಎಡ-ಬಲ. ಎಲ್ಲ ಗೊಂದಲವೂ ಇಲ್ಲೇ. ಮೊಂಡು ತುದಿ ನಮ್ಮ ಎಡಕ್ಕಿದ್ದರೆ ಭ್ರೂಣದ ತಲೆ ಸಾಮಾನ್ಯವಾಗಿ ನಮ್ಮಿಂದ ಆಚೆ ಮುಖ ಮಾಡಿರುತ್ತದೆ, ಬೆನ್ನು ಮೇಲೆ. ಆಗ ಅದರ ಬಲ ನಮ್ಮ ಬಲವೇ, ಹೃದಯದ ಉಬ್ಬೂ ಆ ಕಡೆಗೇ. ಫಿಲ್ಟರ್ ಕಾಗದದ ಉಂಗುರದಲ್ಲಿ ಎತ್ತಿ ಹೊಟ್ಟೆ ಮೇಲೆ ಮಾಡಿದ ಕೂಡಲೇ ಉಬ್ಬು ಎಡಕ್ಕೆ ಕಾಣುತ್ತದೆ. ಆ ಬೆಳಿಗ್ಗೆ ಒಬ್ಬ ಹುಡುಗಿ 'ಇದು ಉಲ್ಟಾ ಹೃದಯ' ಎಂದು ಕೂಗಿದ್ದು ಇದಕ್ಕೇ. ಸಾಮಾನ್ಯ ಮೈಕ್ರೊಸ್ಕೋಪ್ ಬಿಂಬವನ್ನು 180 ಡಿಗ್ರಿ ತಿರುಗಿಸುತ್ತದೆ, ಆದರೆ ಕನ್ನಡಿಯ ಹಾಗೆ ಅದಲುಬದಲು ಮಾಡುವುದಿಲ್ಲ. ತಲೆ ಎಲ್ಲಿದೆ ಎಂದು ನೋಡಿಕೊಂಡರೆ ಸಾಕು.

ಇಷ್ಟೆಲ್ಲ ಜಾಗ್ರತೆ ಏಕೆಂದರೆ ಜೀನ್‌ಗಳ ಕತೆ ಪೂರ್ತಿ ಆ ದಿಕ್ಕಿನ ಮೇಲೇ ನಿಂತಿದೆ. ಹೃದಯ ಮೂಡುವ ಮೊದಲೇ, ಭ್ರೂಣದ ನಡುಗೆರೆಯಲ್ಲಿರುವ ಹೆನ್ಸೆನ್ ಗಂಟು ಎಂಬ ಕೋಶಗಳ ಗುಂಪಿನ ಎಡಗಡೆ ಸೋನಿಕ್ ಹೆಡ್ಜ್‌ಹಾಗ್ ಜೀನ್ ಚುರುಕಾಗುತ್ತದೆ. ಅದರ ಹಿಂದೆಯೇ ಎಡ ಪಕ್ಕದ ಪದರದಲ್ಲಿ ನೋಡಲ್ ಎಂಬ ಜೀನ್. ನೋಡಲ್ ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ, ಜೊತೆಗೆ ತನಗೆ ಲಗಾಮು ಹಾಕುವ ಲೆಫ್ಟಿ ಎಂಬ ಜೀನನ್ನೂ ಎಬ್ಬಿಸುತ್ತದೆ. ನಡುಗೆರೆಯ ಲೆಫ್ಟಿ ಇಲ್ಲದಿದ್ದರೆ ಸಂಕೇತ ಬಲಕ್ಕೂ ಸೋರುತ್ತದೆ. ನೋಡಲ್ ಅಡಗಿದ ಮೇಲೂ ಇನ್ನೊಂದು ಜೀನ್ ಪಿಟ್‌ಎಕ್ಸ್2 ಎಡಗಡೆ ಉಳಿದು ಅಂಗಗಳ ಆಕಾರ ನಡೆಸುತ್ತದೆ. 1995ರಲ್ಲಿ ಹಾರ್ವರ್ಡ್‌ನ ಕ್ಲಿಫ್ ಟ್ಯಾಬಿನ್ ತಂಡ ಇಂಥದ್ದೇ ಕೋಳಿ ಭ್ರೂಣದ ಬಲಕ್ಕೂ ಹೆಡ್ಜ್‌ಹಾಗ್ ಕೊಟ್ಟು ನೋಡಿತು. ಹೃದಯ ಕೆಲವದರಲ್ಲಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ ಬಾಗಿತು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ: ಸಂಕೇತ ಕೆಟ್ಟಾಗಲೂ ಹೃದಯ ಬಾಗುವುದನ್ನು ಮರೆಯುವುದಿಲ್ಲ, ಯಾವ ಕಡೆಗೆ ಎಂಬುದನ್ನು ಮರೆಯುತ್ತದೆ.

ಮೊದಲ ಎಡ ಎಲ್ಲಿಂದ ಬಂತು? ಇಲಿಯಲ್ಲಿ ಗಂಟಿನ ಸಿಲಿಯಾಗಳು, ಅಂದರೆ ಕೋಶಗಳ ಮೇಲಿನ ಕೂದಲಿನಂಥ ಎಳೆಗಳು, ಓರೆಯಾಗಿ ಸುತ್ತಿ ದ್ರವವನ್ನು ಎಡಕ್ಕೆ ತಳ್ಳುತ್ತವೆ. 2002ರಲ್ಲಿ ಜಪಾನಿನ ತಂಡವೊಂದು ಪಂಪಿನಿಂದ ದ್ರವವನ್ನು ಬಲಕ್ಕೆ ಹರಿಸಿ ದಿಕ್ಕನ್ನೇ ಬದಲಿಸಿತು. ಸಿಲಿಯಾ ಹುಟ್ಟಿನಿಂದಲೇ ಆಡದ ಮನುಷ್ಯರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಅಂಗಗಳು ಅದಲುಬದಲಾಗಿರುವುದೂ ಇದೇ ಕಾರಣಕ್ಕೆ. ಕೋಳಿಯಲ್ಲಿ ಮಾತ್ರ ಈ ಹರಿವು ಇಲ್ಲ. ಗಂಟಿನ ಸುತ್ತಲ ಕೋಶಗಳೇ ಎಡಕ್ಕೆ ಸರಿಯುತ್ತವೆ. ಇಲಿಯ ಚಿತ್ರ ಬರೆದು ಕೋಳಿಯದ್ದೆಂದು ಪಾಠ ಮಾಡುವುದು ತಪ್ಪು.

ಉಳಿದ ತತ್ತಿಗಳನ್ನು 48 ಗಂಟೆಗೆ ತೆರೆದೆವು. ಅಷ್ಟರಲ್ಲಿ ಭ್ರೂಣದ ತಲೆ ಎಡಮಗ್ಗುಲಿಗೆ ಹೊರಳಿ ಬಲಗೆನ್ನೆ ಮೇಲಾಗಿರುತ್ತದೆ, ಬೆನ್ನಿನ ಕಡೆಯಿಂದ ನೋಡುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಪ್ರತಿ ಚಿತ್ರದ ಪಕ್ಕದಲ್ಲಿ ಎರಡು ಮಾತು ಬರೆಸಿದೆವು: ತಲೆ ಯಾವ ಕಡೆ, ಮೇಲಿರುವುದು ಯಾವ ಮೈ.